32 ಬೋರಿನ ಧೈರ್ಯ

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಗಳು ಮೂರು. ದಿಲ್ಲಿ ಚಳಿ ಹೆಂಗೆ ತಡ್ಕೋತೀರಿ? ಅಲ್ಲಿ ದಿನಾ ಚಪಾತಿಯೇ ತಿನ್ನಬೇಕಾ? ಮೂರನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: "ಹೆಣ್ಣುಮಕ್ಕಳನ್ನ ಇಟ್ಕೊಂಡು ಅಲ್ಲಿ ಹೆಂಗೆ ಬದುಕ್ತೀರಿ ಮಾರಾಯ್ರೆ?" ಹೋದ ಸಲ ತೀರ್ಥಹಳ್ಳಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಪ್ರಶ್ನೆಯ ಜೊತೆಗೆ ಉತ್ತರವನ್ನೂ ಕೊಟ್ಟ. "ಅಣ್ಣಯ್ಯ, ಒಂದು ಸಣ್ಣ ರಿವಾಲ್ವರ್ ಇಟ್ಕೋಬಾರದಾ? ಈಗ ಹಗುರದ್ದು, ಕಮ್ಮಿ ರೇಟಿನದು ಬಂದಿದಾವಂತೆ."

ಅವನಿಗೆ ಆಗ ನಕ್ಕು ಉತ್ತರ ಹೇಳಿದೆ. ನಗಬಾರದಿತ್ತು. ಯಾಕೆಂದರೆ ಒಂದು ಕಾಲಕ್ಕೆ ನಾನೇ ಲೈಸೆನ್ಸಿನ ಅರ್ಜಿ ತಂದು, ಅರ್ಧ ತುಂಬಿಸಿ, ಬೀರುವಿನಲ್ಲಿ ಮಡಿಸಿಟ್ಟವನು. ಆ ಅರ್ಜಿಯ ಉಳಿದರ್ಧ ಯಾಕೆ ತುಂಬಲಿಲ್ಲ ಎನ್ನುವುದನ್ನು ಅವನಿಗೂ, ಅವನ ಹಾಗೆ ಯೋಚಿಸುವ ನಿಮಗೂ ಇಲ್ಲಿ ಹೇಳುತ್ತೇನೆ. ಸ್ವಲ್ಪ ಜಗಳದ ದನಿಯಲ್ಲೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನಾವಿರುವುದು ಪೀತಮ್‌ಪುರದಲ್ಲಿ. ದಿಲ್ಲಿಯ ವಾಯವ್ಯಕ್ಕೆ, ಟಿವಿ ಗೋಪುರದ ಆಸುಪಾಸು. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಎಂಬತ್ತರ ದಶಕದಲ್ಲಿ ಬೆಳೆಸಿದ ಬಡಾವಣೆ. 2004ರಲ್ಲಿ ಮೆಟ್ರೊ ಬಂತು, ಮನೆಗಳ ಬೆಲೆ ಏರಿತು, ಅದರ ಜೊತೆಗೆ ಕಬ್ಬಿಣದ ಗೇಟುಗಳೂ ಏರಿದವು. ಗಲ್ಲಿಗೊಂದು ಗೇಟು, ಗೇಟಿಗೊಬ್ಬ ಚೌಕಿದಾರ. ರಾತ್ರಿಯೆಲ್ಲ ಅವನು ಸೀಟಿ ಊದುತ್ತ, ಲಾಠಿಯಲ್ಲಿ ಕಂಬಕ್ಕೆ ಕುಟ್ಟುತ್ತ ತಿರುಗುತ್ತಾನೆ. ನಾನು ಎದ್ದಿದೀನಿ ಅಂತ ನಮಗೆ ಹೇಳುತ್ತಾನೋ ಕಳ್ಳನಿಗೆ ಹೇಳುತ್ತಾನೋ, ಇಪ್ಪತ್ತು ವರ್ಷದಿಂದ ನನಗೆ ತಿಳಿದಿಲ್ಲ. ಇಲ್ಲಿ ನನಗೆ ಗೊತ್ತಿರುವ ಕನ್ನಡದ ಮನೆಗಳು ಐದಾರು. ಕರ್ನಾಟಕ ಸಂಘ ಇರುವುದು ರಾಮಕೃಷ್ಣಪುರದಲ್ಲಿ, ಅಂದರೆ ಊರಿನ ಇನ್ನೊಂದು ತುದಿಯಲ್ಲಿ. ರಾಜ್ಯೋತ್ಸವದ ನಾಟಕ ನೋಡಿ ರಾತ್ರಿ ವಾಪಸು ಬರುವಾಗ ಇಡೀ ದಿಲ್ಲಿಯನ್ನು ಅಡ್ಡಡ್ಡ ದಾಟಬೇಕು. ಭಯ ಅನ್ನುವುದು ನಮ್ಮಂಥವರ ಪಕ್ಕ ಬಂದು ಕೂರುವುದು ಆ ಒಂದು ಗಂಟೆಯಲ್ಲಿ.

2012ರ ಡಿಸೆಂಬರ್ 16ರ ರಾತ್ರಿ ಮುನಿರ್ಕಾದಲ್ಲಿ ಬಸ್ಸು ಹತ್ತಿದ ಹುಡುಗಿಯ ಕತೆ ನಿಮಗೆಲ್ಲ ಗೊತ್ತು. ಮುನಿರ್ಕಾ ಅಂದರೆ ನಮ್ಮ ಸಂಘದ ಮಗ್ಗುಲಲ್ಲೇ. ನನ್ನ ಮಗಳು ಆಗ ಉತ್ತರ ಕ್ಯಾಂಪಸ್ಸಿನ ಕಾಲೇಜಿಗೆ ಹೋಗುತ್ತಿದ್ದಳು. ಆ ತಿಂಗಳು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಇಂಥ ಹೊತ್ತಿನಲ್ಲೇ ಎದುರುಮನೆಯ ಬಾವೂಜಿ ಒಂದು ದಿನ ನನ್ನ ಹೆಗಲ ಮೇಲೆ ಕೈ ಹಾಕಿ, ತಮಗೆ ಲೈಸೆನ್ಸ್ ಸಿಕ್ಕಿದೆಯೆಂದೂ, ಸಾಮಾನು ಆರಿಸಲು ನಾನೂ ಜೊತೆಗೆ ಬರಬೇಕೆಂದೂ ಹೇಳಿದರು. ನಾನು ಪೇಪರ್ ಓದುವವನು, ನಾಲ್ಕು ಅಕ್ಷರ ತಿಳಿದವನು ಎಂಬ ನಂಬಿಕೆ ಅವರದು.

ಹೋದೆ. ಹಳೇ ದಿಲ್ಲಿ ಕಡೆಯ ಒಂದು ಹಳೇ ಅಂಗಡಿ. ಒಡವೆ ಅಂಗಡಿಯ ಹಾಗೆ ಗಾಜಿನ ಮೇಜು, ಮೇಲೆ ಕೆಂಪು ಮಖಮಲ್ಲು. ಅಲ್ಲೇ ನನಗೆ ಮೊದಲ ಸಲ ತಿಳಿದದ್ದು, ಬಂದೂಕಿನ ಅಂಗಡಿಯಲ್ಲಿ ಆಯ್ಕೆ ಅನ್ನುವ ಮಾತಿಗೆ ಅರ್ಥವೇ ಇಲ್ಲವೆಂದು.

ಅದು ಹೀಗೆ. ಬೋರ್ ಅಂದರೆ ನಳಿಗೆಯ ಒಳಗಿನ ಅಗಲ. ಪಾಯಿಂಟ್ 32 ಅಂದರೆ ಅಂಗುಲದ ನೂರರಲ್ಲಿ ಮೂವತ್ತೆರಡು ಪಾಲು, ಸುಮಾರು ಎಂಟು ಮಿಲಿಮೀಟರ್. ಜಗತ್ತಿನ ಬಹುಪಾಲು ಪೊಲೀಸರು, ಸೈನಿಕರು ಸೊಂಟದಲ್ಲಿ ಇಟ್ಟುಕೊಳ್ಳುವುದು 9 ಎಂಎಂ. ಅದು ನಮ್ಮಲ್ಲಿ 'ಪ್ರೊಹಿಬಿಟೆಡ್ ಬೋರ್', ಸಾಮಾನ್ಯ ಪ್ರಜೆ ಮುಟ್ಟುವಂತಿಲ್ಲ. ಪಾಯಿಂಟ್ 38, ಪಾಯಿಂಟ್ 455, ರೈಫಲ್ಲಿನ ಪಾಯಿಂಟ್ 303 ಕೂಡ ಅಷ್ಟೇ. ಯಾಕೆ? ಸೇನೆ ಬಳಸುವ ತೋಟೆ ಪ್ರಜೆಯ ಕೋವಿಗೆ ಹೊಂದಬಾರದು ಎಂಬುದು ಬ್ರಿಟಿಷರು ಹಾಕಿಕೊಟ್ಟ ಲೆಕ್ಕ. ಸಿಪಾಯಿಯಿಂದ ಕದ್ದ ಮದ್ದು ದಂಗೆಕೋರನ ಕೈಗೆ ಹೋದೀತೆಂಬ ಹೆದರಿಕೆ ಅವರಿಗೆ. ಅವರು ಹೋದರು, ಹೆದರಿಕೆ 1959ರ ಆಯುಧ ಕಾಯಿದೆಯೊಳಗೆ ಬಂದು ಕೂತಿತು. ಹೀಗಾಗಿ ಬೇರೆ ದೇಶಗಳಲ್ಲಿ ಮುಖ್ಯವಾಗಿ ಗುರಿಪಂದ್ಯದ ಆಟಗಾರರ ಕೈಯಲ್ಲಿ ಉಳಿದಿರುವ, 1896ರಲ್ಲಿ ನ್ಯೂಯಾರ್ಕ್ ಪೊಲೀಸರು ಹೊಸದೆಂದು ಕೊಂಡ ಕಾಲದ ಆ 32, ನಮ್ಮಲ್ಲಿ ದೊರೆ! ಅದರ ಹೊಡೆತ 9 ಎಂಎಂನ ಅರ್ಧಕ್ಕಿಂತ ಕಮ್ಮಿ. ಅಂಗಡಿಯವನೇ ಅದನ್ನು ಒಪ್ಪಿಕೊಂಡ, ಆದರೆ ಬೆಲೆಯಲ್ಲಿ ಅದರ ಗುರುತೇನೂ ಇರಲಿಲ್ಲ.

ಮೇಜಿನ ಮೇಲೆ ಮೂರು ಬಂದವು. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಆರು ಗುಂಡಿನ 32 ರಿವಾಲ್ವರ್. ಸರ್ಕಾರದ್ದೇ ಇನ್ನೊಂದು, 'ಅಶನಿ' ಎಂಬ 32ರ ಪಿಸ್ತೂಲು. ಮೂರನೆಯದು ಅಜ್ಜನ ಕಾಲದ ವಿಲಾಯತಿ ವೆಬ್ಲಿ. ಸವೆದು ಬೆಳ್ಳಗಾದ ಆ ಮುದುಕನ ಬೆಲೆ ಹೊಸದರ ಎಷ್ಟೋ ಪಟ್ಟು. ಎಂಬತ್ತರ ದಶಕದಲ್ಲಿ ಸಾಮಾನ್ಯ ಜನರಿಗೆ ಆಮದು ನಿಂತಮೇಲೆ ಒಳಗೆ ಉಳಿದಿದ್ದ ಹಳೇ ಮಾಲು ಬಂಗಾರವಾಯಿತು, ಅಷ್ಟೇ. ಬೋರ್ ಕಾಯಿದೆ ಗೊತ್ತುಮಾಡಿದ್ದು, ಕಾರ್ಖಾನೆ ಸರ್ಕಾರದ್ದು, ಬೆಲೆ ಅವರು ಬರೆದದ್ದು, ವರ್ಷಕ್ಕೆ ಎಷ್ಟು ತೋಟೆ ಅನ್ನುವುದು ಲೈಸೆನ್ಸ್ ಪುಸ್ತಕದಲ್ಲಿ. ಬಾವೂಜಿಗೆ ಉಳಿದ ಆಯ್ಕೆ ಹಿಡಿಯ ಬಣ್ಣ ಮತ್ತು ಚರ್ಮದ ಚೀಲ. ಅವರು ಕಂದು ಬಣ್ಣದ್ದು ಆರಿಸಿದರು.

ಈಗ ಸ್ವಲ್ಪ ಬದಲಾಗಿದೆ ಅಂತೀರಿ. ಹೌದು. 2020ರಲ್ಲಿ ವೆಬ್ಲಿ ಕಂಪನಿಯ 32 ರಿವಾಲ್ವರ್ ಉತ್ತರ ಪ್ರದೇಶದ ಸಂಡೀಲಾದಲ್ಲೇ ತಯಾರಾಗತೊಡಗಿತು. 2021ರಲ್ಲಿ ಸರ್ಕಾರಿ ಕಾರ್ಖಾನೆಗಳೆಲ್ಲ ಏಳು ಕಂಪನಿಗಳಾಗಿ ಒಡೆದವು. 2023ರಲ್ಲಿ ಕಾನ್ಪುರದ ಕಂಪನಿ 'ಪ್ರಬಲ್' ಎಂಬ ಹೊಸ 32 ತಂದು, 50 ಮೀಟರ್ ಹೊಡೆಯುತ್ತದೆಂದು ಜಾಹೀರು ಮಾಡಿತು. ಐವತ್ತು ಮೀಟರ್! ನಮ್ಮ ಗಲ್ಲಿಯ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಅಷ್ಟು ದೂರ ಇಲ್ಲ. ಇದು ಯಾವ ಆತ್ಮರಕ್ಷಣೆ?

ನನ್ನ ಸಿಟ್ಟಿನ ಅಸಲು ವಿಷಯಕ್ಕೆ ಬರುತ್ತೇನೆ. ಬಾವೂಜಿ ಕಂದು ಹಿಡಿಯದ್ದನ್ನು ಆರಿಸುವ ಸ್ವಲ್ಪ ಮೊದಲು, 2014ರ ಜನವರಿಯಲ್ಲಿ, ಕಾನ್ಪುರದಿಂದ 'ನಿರ್ಭೀಕ್' ಬಂದಿತ್ತು. ಹೆಂಗಸರ ರಿವಾಲ್ವರ್ ಎಂದು ಅದರ ಡಂಗುರ. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತದೆ, ಅದೇ 32 ಬೋರು. ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಆಮೇಲೆ ಬಂಗಾಳದ ಈಶಾಪುರದ ಕಾರ್ಖಾನೆ ಪಾಯಿಂಟ್ 22ರ 'ನಿಡರ್' ತಂದಿತು. ಅದು ಇನ್ನೂ ಹಗುರ, ಬಹಳ ಅಗ್ಗ. ಹೆಸರುಗಳನ್ನು ನೋಡಿ. ಮುನಿರ್ಕಾದ ಹುಡುಗಿಯ ಹೆಸರು ಹೇಳಬಾರದೆಂದು ಕಾನೂನು, ಅದಕ್ಕೇ ಪತ್ರಿಕೆಗಳು ಅವಳನ್ನು ನಿರ್ಭಯಾ ಅಂದವು. ಆ ಹೆಸರಿನ ಅರ್ಥವನ್ನೇ ಎತ್ತಿಕೊಂಡು ಹೋಗಿ ಉಕ್ಕಿನ ಮೇಲೆ ಕೊರೆದರು. ಸತ್ತವಳ ನೆನಪಿಗೆ ದೀಪ ಹಚ್ಚುವುದನ್ನು ಕಂಡಿದ್ದೆ, ರೇಟು ಹಚ್ಚಿದ್ದನ್ನು ಅಲ್ಲೇ ಮೊದಲು ಕಂಡದ್ದು.

ಆ ಹುಡುಗಿಯ ಅಪ್ಪ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸಿ ಇಳಿಸುವ ಕೆಲಸದಲ್ಲಿದ್ದವರು. 1 ಲಕ್ಷ 22 ಸಾವಿರ ಅವರ ಎಷ್ಟು ತಿಂಗಳ ಕೂಲಿ? ಆ ರಾತ್ರಿ ಬಸ್ಸಿನಲ್ಲಿದ್ದವರು ಆರು ಮಂದಿ. ಚೀಲದ ಜಿಪ್ಪು ತೆಗೆದು, ಕೈ ಹಾಕಿ, ಬೀಗ ಬಿಡಿಸಿ... ಯಾರನ್ನು ಮೋಸ ಮಾಡುತ್ತಿದ್ದೇವೆ ನಾವು? ಅವಳನ್ನೂ ಅವಳ ಸ್ನೇಹಿತನನ್ನೂ ಮಹಿಪಾಲಪುರದ ಬಳಿ ರಸ್ತೆಗೆ ಎಸೆದ ಮೇಲೆ ಎಷ್ಟೋ ಗಾಡಿಗಳು ಹಾದುಹೋದವು, ಯಾರೂ ನಿಲ್ಲಲಿಲ್ಲ ಎಂದು ಆ ಸ್ನೇಹಿತ ಟಿವಿಯಲ್ಲಿ ಹೇಳಿದ. ಆ ರಾತ್ರಿ ಕೊರತೆಯಾದದ್ದು ನಿಲ್ಲುವ ಒಂದು ಕಾರು. ಅದು ಯಾವ ಕಾರ್ಖಾನೆಯಲ್ಲಿ ತಯಾರಾಗುತ್ತದೆ ಹೇಳಿ? ಹೆಂಗಸರ ಸುರಕ್ಷೆಗೆಂದು 2013ರ ಬಜೆಟ್ಟಿನಲ್ಲಿ ಸಾವಿರ ಕೋಟಿಯ ನಿಧಿ ಮಾಡಿದರು. ಅದರಲ್ಲಿ ಬಹುಪಾಲು ವರ್ಷಗಟ್ಟಲೆ ಖರ್ಚಾಗದೆ ಉಳಿಯಿತು. ರಿವಾಲ್ವರ್ ಮಾತ್ರ ಒಂದು ವರ್ಷ ತುಂಬಿ ತಿಂಗಳಾಗುವುದರೊಳಗೆ ಬಂತು.

'ಸಣ್ಣ ಬೋರು, ಹೆದರಬೇಡಿ' ಅನ್ನುವ ಮಾತನ್ನೂ ಆ ಅಂಗಡಿಯಲ್ಲಿ ಕೇಳಿದೆ. 22 ಅಂತೂ ಆಟದ ಸಾಮಾನಿನ ಹಾಗೆ ಅಂದ. 1999ರ ಏಪ್ರಿಲ್ ಕೊನೆಯ ಒಂದು ನಡುರಾತ್ರಿ ಮೆಹ್ರೌಲಿಯ ಪಾರ್ಟಿಯೊಂದರಲ್ಲಿ, ಇನ್ನು ಮದ್ಯ ಕೊಡೋಕಾಗಲ್ಲ ಅಂದಿದ್ದಕ್ಕೆ ಜೆಸ್ಸಿಕಾ ಲಾಲ್ ತಲೆಗೆ ಹೊಕ್ಕಿದ್ದು 22ರ ಗುಂಡು. 32ರ ವಿಷಯಕ್ಕೆ ದಿಲ್ಲಿಯವರೆಗೆ ಬರುವುದೇ ಬೇಡ. ಪಿಸ್ತೂಲಿನ 32ಕ್ಕೆ ಇನ್ನೊಂದು ಹೆಸರು 7.65 ಎಂಎಂ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರಿಗೆ ಮನೆಬಾಗಿಲಲ್ಲಿ, 2017ರ ಸೆಪ್ಟೆಂಬರ್ 5ರ ಸಂಜೆ ಬೆಂಗಳೂರಿನಲ್ಲಿ ಗೌರಿ ಲಂಕೇಶರಿಗೆ ಮನೆ ಮುಂದೆ, ಎರಡೂ ಕಡೆ ಹಾರಿದ್ದು 7.65ರ ನಾಡಪಿಸ್ತೂಲಿನ ಗುಂಡೆಂದು ವಿಧಿವಿಜ್ಞಾನದ ವರದಿ ಹೇಳಿತು. ಅವರು ಮನೆಯಲ್ಲಿ ಒಂದು ಇಟ್ಟುಕೊಂಡಿದ್ದರೆ ಉಳಿಯುತ್ತಿದ್ದರೇ? ಬಂದವರಿಗೆ ಬಾಗಿಲು ತೆಗೆಯುವ ಮನೆಗಳವು. ಬೀರುವಿನ ಕೀಲಿ ಹುಡುಕುವಷ್ಟು ಹೊತ್ತು ಯಾವ ಹಂತಕನೂ ಕಾಯುವುದಿಲ್ಲ.

ಇಷ್ಟು ಹೇಳಿದರೆ ನಮ್ಮವರು ತಕ್ಷಣ ಹಲಗಲಿಯನ್ನು ಎತ್ತುತ್ತಾರೆ. ಸಂಘದ ಊಟದ ಸಾಲಿನಲ್ಲೇ ಒಬ್ಬರು ಎತ್ತಿದರು. "ಆಯುಧ ಒಪ್ಪಿಸಿ ಅಂದಿದ್ದಕ್ಕೆ 1857ರಲ್ಲಿ ಪ್ರಾಣ ಕೊಟ್ಟ ಬೇಡರ ನಾಡಿನವರು ನಾವು. ನೀವು ನೋಡಿದ್ರೆ ರಿವಾಲ್ವರ್ ಬೇಡ ಅಂತೀರಲ್ಲ!" ಸ್ವಾಮಿ, ಹಲಗಲಿಯ ಬೇಡರಿಗೆ ಆಯುಧ ಅವರ ಅನ್ನ, ಅವರ ಮಾನ. ಎದುರಿಗಿದ್ದದ್ದು ಅದನ್ನು ಕಸಿಯಲು ಬಂದ ಪರದೇಶದ ಪಲ್ಟನ್. ಕೊಡವರ ಕತೆಯೂ ಬೇರೆಯೇ. ಬ್ರಿಟಿಷರ ಕಾಲದಿಂದ ಅವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದಿನ ದಿನ ಅವರು ಕೋವಿಗೆ ಹೂವಿಡುತ್ತಾರೆ. ನಮ್ಮ ಬಾವೂಜಿ ಯಾವ ದಿನ ಹೂವಿಡಬೇಕು? ಯಾರ ವಿರುದ್ಧ? ಎದುರಿಗಿರುವುದು ನಾನು. ಪಕ್ಕದಲ್ಲಿ ಒಬ್ಬ ಹಲ್ಲಿನ ಡಾಕ್ಟರು.

ನಮ್ಮ ಮನೆಯಲ್ಲೂ ಕೋವಿ ಇತ್ತು, ಈಗಲೂ ಇದೆ. ಅಪ್ಪಯ್ಯನ ಒಂಟಿನಳಿಗೆ. ಹಂದಿ, ಮಂಗನ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸು. ಅದು ಜಗಲಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ನೇತಾಡುತ್ತಿತ್ತು. ಮನೆಗೆ ಬಂದವರೆಲ್ಲ ಅದನ್ನು ನೋಡಿಯೇ ಕಾಫಿ ಕುಡಿಯುತ್ತಿದ್ದರು. ಅಪ್ಪಯ್ಯ ಈಡು ಹಾರಿಸಿದರೆ ಮೂರು ಮನೆಯವರು ಮರುದಿನ "ಏನು, ಹಂದಿ ಬಂದಿತ್ತಾ?" ಅಂತ ಕೇಳುತ್ತಿದ್ದರು. ಕೊಡಲಿ, ಹಾರೆ, ದೋಟಿ ಇದ್ದ ಹಾಗೆ ಅದೂ ಒಂದು. ಅಂಗೈಯಗಲದ ರಿವಾಲ್ವರಿಗೆ ಹಂದಿ ಹೊಡೆಯಲು ಬರುವುದಿಲ್ಲ, ಮಂಗ ಓಡಿಸಲು ಬರುವುದಿಲ್ಲ. ಮನುಷ್ಯನಿಗೆ, ಅದೂ ಹತ್ತಿರದಲ್ಲಿರುವ ಮನುಷ್ಯನಿಗೆ ಮಾತ್ರ ಮಾಡಿದ ವಸ್ತು ಅದು. ಅದನ್ನು ಜಗಲಿಯಲ್ಲಿ ನೇತುಹಾಕಲು ಆಗುವುದಿಲ್ಲ. ಇದೆ ಅಂತ ನಾಲ್ಕು ಜನಕ್ಕೆ ತಿಳಿದರೆ ಅದನ್ನೇ ಕದಿಯಲು ಬರುತ್ತಾರೆ.

ಬಾವೂಜಿ ಮನೆಗೆ ಅದು ಬಂದ ಎರಡನೇ ವರ್ಷದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ದಿಲ್ಲಿಯ ಬಡಾವಣೆಗಳಲ್ಲಿ ಜನ ಕಳ್ಳರ ಜೊತೆ ಜಗಳಾಡುವುದಕ್ಕಿಂತ ಪಾರ್ಕಿಂಗಿಗೆ ಜಗಳಾಡುವುದೇ ಹೆಚ್ಚು. ಒಂದು ರಾತ್ರಿ ಕೆಳಗಿನ ಮನೆಯ ಹುಡುಗನೊಬ್ಬ ಬಾವೂಜಿಯ ಜಾಗದಲ್ಲಿ ಗಾಡಿ ನಿಲ್ಲಿಸಿದ. ಮಾತಿಗೆ ಮಾತು ಬೆಳೆಯಿತು. ಹುಡುಗ ಏಕವಚನಕ್ಕೆ ಇಳಿದ, ಅವರ ಕಾಲರಿಗೆ ಕೈ ಹಾಕಿದ. ಅರವತ್ತೇಳು ವರ್ಷದ ಆ ಮನುಷ್ಯ, ನನಗೆ ಡೆಂಗಿಯಾದಾಗ ಮೂರು ರಾತ್ರಿ ಆಸ್ಪತ್ರೆಯಲ್ಲಿ ಕೂತಿದ್ದ ಮನುಷ್ಯ, "ಠಹರ್, ಅಭೀ ಬತಾತಾ ಹ್ಞೂಂ" ಅನ್ನುತ್ತ ಮೆಟ್ಟಿಲು ಹತ್ತಿದರು. ಗಲ್ಲಿಯಲ್ಲಿದ್ದ ನಮಗೆಲ್ಲ ಅವರು ಏನು ತರಲು ಹೋದರೆಂದು ಗೊತ್ತಿತ್ತು. ಹುಡುಗನಿಗೆ ಗೊತ್ತಿರಲಿಲ್ಲ, ಅವನು ನಿಂತೇ ಇದ್ದ. ನಾನು ಅವನ ರಟ್ಟೆ ಹಿಡಿದು ಎಳೆದೆ, ನನಗೂ ಒಂದು ಬಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಬಾವೂಜಿ ಇಳಿದು ಬರಲಿಲ್ಲ. ಅವರ ಹೆಂಡತಿ ಬೀರುವಿನ ಕೀಲಿಯನ್ನು ಗೋಧಿ ಹಿಟ್ಟಿನ ಡಬ್ಬದ ತಳದಲ್ಲಿ ಹೂತಿಟ್ಟಿದ್ದರಂತೆ. ಅದು ಬಂದ ದಿನದಿಂದಲೂ ಅಲ್ಲೇ ಇಟ್ಟಿದ್ದರಂತೆ. "ಕಳ್ಳ ಬಂದರೆ ಏನು ಮಾಡ್ತಿದ್ರಿ ಮಾತಾಜಿ?" ಅಂತ ನನ್ನ ಹೆಂಡತಿ ಆಮೇಲೆ ಕೇಳಿದಳು. "ಕಳ್ಳ ವರ್ಷಕ್ಕೊಮ್ಮೆ ಬಂದಾನು, ಇವರಿಗೆ ಸಿಟ್ಟು ದಿನಾ ಬರುತ್ತೆ" ಅಂದರಂತೆ ಆಕೆ.

ಆ ರಾತ್ರಿ ಮನೆಗೆ ಬಂದು ನನ್ನ ಅರ್ಧ ಅರ್ಜಿಯನ್ನು ತೆಗೆದು ನೋಡಿದೆ. ಯಾಕೆ ಬೇಕು ಅನ್ನುವಲ್ಲಿ ಆತ್ಮರಕ್ಷಣೆ ಅಂತ ಬರೆದಿದ್ದೆ. ಯಾರಿಂದ? ನನ್ನ ಸಿಟ್ಟೇನು ಬಾವೂಜಿಯ ಸಿಟ್ಟಿಗಿಂತ ಕಮ್ಮಿಯಾ? ನಮ್ಮವಳು ಪಕ್ಕದಿಂದ ನೋಡಿ, "ಮೊದಲು ನಿಮ್ಮ ಬಾಯಿಗೆ ಲೈಸೆನ್ಸ್ ತಗೊಳ್ಳಿ" ಅಂದಳು.

ಮಗಳು ಹೇಳಿದ್ದು ಇನ್ನೂ ಸರಳ. ಅವಳ ದಿನದ ದಾರಿ ಮೆಟ್ರೊ. ಮೆಟ್ರೊದೊಳಗೆ ಆಯುಧ ಬಿಡುವುದಿಲ್ಲ, ಬಾಗಿಲಲ್ಲೇ ಚೀಲವನ್ನು ಯಂತ್ರಕ್ಕೆ ಹಾಕುತ್ತಾರೆ. ಕಾಲೇಜಿಗೂ ತಗೊಂಡು ಹೋಗುವಂತಿಲ್ಲ. "ಹಂಗಾದ್ರೆ ಅದು ನನ್ನ ಜೊತೆ ಎಲ್ಲಿಗೆ ಬರುತ್ತಪ್ಪ? ನನಗೆ ಹೆದರಿಕೆ ಆಗೋದು ಸ್ಟೇಷನ್ನಿಂದ ಮನೆವರೆಗೆ ಮಾತ್ರ. ಆ ಪಾರ್ಕಿನ ಗೋಡೆ ಹತ್ರ ನಾಲ್ಕು ದೀಪ ಇಲ್ಲ." ಆ ನಾಲ್ಕು ದೀಪಕ್ಕಾಗಿ ನಾನು, ಬಾವೂಜಿ, ಹಲ್ಲಿನ ಡಾಕ್ಟರು ಏಳು ತಿಂಗಳು ಅರ್ಜಿ ಹಿಡಿದು ಓಡಾಡಿದೆವು. ಕೊನೆಗೂ ಬಂದವು. ಅದರಲ್ಲಿ ಒಂದು ಈಗ ಮತ್ತೆ ಕೆಟ್ಟಿದೆ. ಗೋಡೆಯ ಮೂಲೆಯಲ್ಲಿ ರಾತ್ರಿ ಹನ್ನೊಂದರವರೆಗೆ ಮೊಟ್ಟೆ ಬೇಯಿಸುವ ಗಾಡಿಯವನನ್ನು ಎಬ್ಬಿಸಬೇಕೆಂದು ನಿವಾಸಿಗಳ ಸಂಘ ಹೊರಟಾಗ ತಡೆದದ್ದು ನನ್ನ ಮಗಳು ಮತ್ತು ಅವಳ ಮೂವರು ಗೆಳತಿಯರು. ಆ ಗಾಡಿ ಇದ್ದರೆ ಅಲ್ಲಿ ಜನ ಇರುತ್ತಾರೆ.

ಪೊಲೀಸರು ತಡವಾಗಿ ಬಂದರೆ? ನಿಜ, ಬರುತ್ತಾರೆ ತಡವಾಗಿಯೇ. ಈ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ, ಇದೆ ಅಂದರೆ ಸುಳ್ಳಾಗುತ್ತದೆ. ಒಂಟಿ ತೋಟದ ಮನೆಯಲ್ಲಿರುವವರ ಮಾತು ಬೇರೆ, ನಿಜವಾದ ಜೀವಬೆದರಿಕೆ ಇರುವವರ ಮಾತೂ ಬೇರೆ. ಅವರಿಗೆಂದೇ ಲೈಸೆನ್ಸ್ ಇರುವುದು. ಆಯುಧ ಇಟ್ಟುಕೊಳ್ಳುವುದು ಅಮೆರಿಕದಲ್ಲಿ ಇರುವ ಹಾಗೆ ನಮ್ಮಲ್ಲಿ ಮೂಲಭೂತ ಹಕ್ಕಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪೀಠದಲ್ಲಿ ನಮ್ಮ ಬಿ.ವಿ. ನಾಗರತ್ನ ಅವರೂ ಇದ್ದರು. ಹಕ್ಕಲ್ಲದ್ದನ್ನು ಅಂತಸ್ತು ಮಾಡಿಕೊಂಡದ್ದು ಈ ಉತ್ತರದ ನಾಡು. ಮದುವೆ ಹಾಲುಗಳ ಮುಂದೆ, ಬರಾತಿನಲ್ಲಿ, ಮದುಮಗನ ಕುದುರೆಯ ಪಕ್ಕದಲ್ಲೇ ಆಕಾಶಕ್ಕೆ ಹಾರಿಸುತ್ತಾರೆ. ಆಕಾಶಕ್ಕೆ ಹೋದದ್ದು ಕೆಳಗೆ ಬರಲೇಬೇಕಲ್ಲ. 2019ರ ತಿದ್ದುಪಡಿಯಲ್ಲಿ ಅದಕ್ಕೆ ಎರಡು ವರ್ಷದವರೆಗೆ ಜೈಲು ಅಂತ ಬರೆಯಬೇಕಾಯಿತು. ಇಂಥ ಕಡೆ ಬಂದು ನೆಲೆಸಿದ ನಾವು ಇಲ್ಲಿನ ಛೋಲೆ ಕಲಿತೆವು, ಕಡ್ವಾ ಚೌತ್ ಕೂಡ ಕಲಿತೆವು. ಇದನ್ನೂ ಕಲಿತು ಊರಿಗೆ ತರಬೇಕಾ?

ಬಾವೂಜಿಯ ಕಂದು ಹಿಡಿಯ ರಿವಾಲ್ವರ್ ಈಗಲೂ ಇದೆ. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷವಾಗಿದೆ, ಅಷ್ಟು ಓಡಾಟ ತಪ್ಪಿತೆಂದು ಅವರಿಗೆ ಸಮಾಧಾನ. ಹರಿದ್ವಾರಕ್ಕೆ, ಮಗನ ಮನೆಗೆ ಅಂತ ಹೊರಡುವಾಗ ಅದನ್ನು ಮನೆಯಲ್ಲಿ ಬಿಡಲು ಧೈರ್ಯ ಸಾಲದೆ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಟ್ಟು ಹೋಗುತ್ತಾರೆ. ಬ್ಯಾಂಕಿನ ಲಾಕರಿನಲ್ಲಿ ಇಡುವಂತಿಲ್ಲ. ಅಂದರೆ ಮನೆ ಖಾಲಿ ಇರುವಾಗ ರಿವಾಲ್ವರೂ ಇಲ್ಲ. ಆ ದಿನಗಳಲ್ಲಿ ಮನೆ ನೋಡಿಕೊಳ್ಳುವವನು ನಾನು. ಕೀಲಿ ನನ್ನ ಹತ್ತಿರವೇ ಇರುತ್ತದೆ. ತುಳಸಿಗೆ ನೀರು ಹಾಕಿ, ರಾತ್ರಿ ಒಂದು ದೀಪ ಹಚ್ಚಿ ಬರುತ್ತೇನೆ.

ಇಷ್ಟನ್ನೂ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡನೋ ಇಲ್ಲವೋ, "ಅದಿರ್ಲಿ ಅಣ್ಣಯ್ಯ, ಹೋದ ಎಲೆಕ್ಷನ್‌ನಲ್ಲಿ ನಮ್ಮ ಕೋವಿಯನ್ನ ಸ್ಟೇಷನ್ನಿಗೆ ಇಡಿಸ್ಕೊಂಡ್ರು ನೋಡು, ಅಷ್ಟರಲ್ಲಿ ಹಂದಿ ಬಂದು ಕೆಳಗಿನ ಬಾಳೆ ಅಷ್ಟೂ ನೆಲಸಮ" ಅಂದ. 2023ರಲ್ಲಿ ಒಂದು ಸಲ, 2024ರಲ್ಲಿ ಇನ್ನೊಂದು ಸಲ, ಎರಡು ಸಲವೂ ಹೀಗೇ ಆಯಿತಂತೆ. ಇದು ನ್ಯಾಯವಾದ ತಕರಾರು. ಕೋವಿ ಬಿಡಿಸಿಕೊಡಲು ಜಿಲ್ಲಾಧಿಕಾರಿಗೆ ಮುಂದಿನ ಎಲೆಕ್ಷನ್ನಿಗೆ ಮೊದಲೇ ಅರ್ಜಿ ಕೊಡು, ಬೇಕಾದರೆ ನಾನು ಬರೆದು ಕಳಿಸುತ್ತೇನೆ ಅಂದೆ. ಬೆಳೆ ಹೋದದ್ದರ ಫೋಟೊ ತೆಗೆದಿಟ್ಟಿದ್ದಾನಂತೆ, ಠಾಣೆಯ ರಸೀದಿಯೂ ಇದೆಯಂತೆ. ಎರಡನ್ನೂ ಕಳಿಸು ಅಂದಿದ್ದೇನೆ.